ಎಲುಬಿನ ವಾರ್ಡಿನ ಔಷಧದ ಲೆಕ್ಕ

ನನ್ನ ತಮ್ಮನ ಮಗಳು ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಲಗ್ನ, ತೊಟ್ಟಿಲು, ಪಂಚಕಲ್ಯಾಣ ಪೂಜೆ, ಎಲ್ಲಿ ನಾಲ್ಕು ಮಂದಿ ಸೇರಿದರೂ ನನಗೆ ಬರುವ ಪ್ರಶ್ನೆ ಒಂದೇ. "ಹುಡುಗಿ ಡಾಕ್ಟರೇನ್ರಿ?" ಅಲ್ಲ ಎನ್ನುತ್ತೇನೆ. "ನರ್ಸ್ ಏನ್ರಿ?" ಅದೂ ಅಲ್ಲ. ಫಾರ್ಮಸಿಸ್ಟ್ ಎಂದ ಕೂಡಲೇ ಕೇಳಿದವರಿಗೆ ಸಮಾಧಾನವಾಗುತ್ತದೆ. "ಹಂಗಾರ ಮೆಡಿಕಲ್ ಅಂಗಡಿ ಯಾವಾಗ ಹಾಕ್ತಾಳ?" ಎಂದು ಕೇಳಿಯೇ ಬಿಡುತ್ತಾರೆ. ನಮ್ಮದು ವ್ಯಾಪಾರಸ್ಥರ ಸಮಾಜ. ಕಲಿತ ವಿದ್ಯೆಗೆ ಕೊನೆಗೊಂದು ಅಂಗಡಿಯ ಬಾಗಿಲು ಇರಬೇಕು ಎಂಬುದು ನಮ್ಮ ರಕ್ತದಲ್ಲೇ ಇದೆ.

ಅವರನ್ನು ನಾನು ದೂರುವುದಿಲ್ಲ. ೨೦೧೩ರಲ್ಲಿ ಅವಳು ಆರು ವರ್ಷದ ಫಾರ್ಮ್ ಡಿ ಕೋರ್ಸಿಗೆ ಹೆಸರು ಹಚ್ಚಿದಾಗ ಮನೆಯಲ್ಲಿ ಮೊದಲು ತಕರಾರು ತೆಗೆದವನೇ ನಾನು. ಎರಡು ವರ್ಷದ ಡಿಪ್ಲೊಮಾ ಮಾಡಿದರೂ ಲೈಸೆನ್ಸ್ ಸಿಗುತ್ತದೆ, ಅಕ್ಕಲಕೋಟದಲ್ಲಿ ನಮ್ಮದೇ ಜಾಗ ಇದೆ, ಆರು ವರ್ಷ ಯಾಕೆ ಸವೆಸಬೇಕು ಎಂದು ವಾದಿಸಿದ್ದೆ. ನಾನು ಮ್ಯಾಟ್ರಿಕ್ ಮುಗಿಸಿ ತಂದೆಯವರ ಅಡತಿ ಅಂಗಡಿಯ ಗಾದಿಯ ಮೇಲೆ ಕೂತವನು. ತೊಗರಿ, ಜೋಳದ ಭಾವ ಗೊತ್ತು; ಕೀರ್ದಿ ಖಾತೆ ಬರೆಯುವುದು ಗೊತ್ತು. ಆಸ್ಪತ್ರೆಯೊಳಗೆ ಔಷಧಕ್ಕೂ ಒಂದು ಕೀರ್ದಿ ಇರುತ್ತದೆ, ಅದನ್ನು ತಾಳೆ ನೋಡುವವರು ಬೇರೆಯೇ ಇರಬೇಕು ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದದ್ದು ೨೦೨೨ರಲ್ಲಿ, ನನ್ನದೇ ತಪ್ಪಿನಿಂದ. ನಮ್ಮ ಪತ್ರಿಕೆಯ ಓದುಗರ ಮನೆಗಳಲ್ಲಿ ವಯಸ್ಸಾದವರು, ವ್ರತ ನಿಯಮ ಪಾಲಿಸುವವರು ಬಹಳ ಇರುವುದರಿಂದ ಆ ತಪ್ಪನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇನೆ.

ಪರ್ವದ ಮೂರನೆಯ ದಿನ

ಅದು ಭಾದ್ರಪದ ಮಾಸ, ದಶಲಕ್ಷಣ ಪರ್ವ ನಡೆದಿತ್ತು. ನಮ್ಮ ಅವ್ವನಿಗೆ ಆಗ ೮೩ ವರ್ಷ. ಹೊತ್ತು ಮುಳುಗಿದ ಮೇಲೆ ಅವಳು ಅನ್ನ ನೀರು ಮುಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ಪರ್ವದ ಹತ್ತು ದಿನವೂ ಏಕಭುಕ್ತ. ಮೂರನೆಯ ದಿನ ನಸುಕಿನಲ್ಲಿ ಬಸದಿಗೆ ಹೋಗಲೆಂದು ಸ್ನಾನಕ್ಕೆ ಎದ್ದವಳು ಬಚ್ಚಲ ಹೊಸ್ತಿಲ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು. ಓಡಿ ಹೋಗಿ ನೋಡಿದರೆ ಬಲಗಾಲು ಗಿಡ್ಡಾದಂತೆ ಕಾಣುತ್ತಿತ್ತು, ಪಾದ ಹೊರಗಡೆ ಹೊರಳಿತ್ತು. ಸೊಲ್ಲಾಪುರದ ಆಸ್ಪತ್ರೆಗೆ ಒಯ್ದೆವು. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿದೆ, ನಾಳೆಯೇ ಆಪರೇಷನ್ ಮಾಡಿ ಕೃತಕ ಗುಂಡು ಕೂಡಿಸಬೇಕು ಎಂದರು.

ಭರ್ತಿ ಮಾಡಿಕೊಳ್ಳುವಾಗ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು, "ಅಜ್ಜಿ ಏನೇನು ಗುಳಿಗಿ ತಗೋತಾರ?" ನಾನು ಹೇಳಿದೆ, "ಬಿಪಿ ಗುಳಿಗಿ ಅಷ್ಟ ರೀ."

ಅದು ಸುಳ್ಳು. ಹಿಂದಿನ ದೀಪಾವಳಿ ಆದ ಮೇಲೆ ಅವ್ವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ಎರಡು ಗುಳಿಗೆ ನಡೆದಿದ್ದವು: ಆಸ್ಪಿರಿನ್ ಒಂದು, ಕ್ಲೋಪಿಡೋಗ್ರೆಲ್ ಒಂದು. ನಾನು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಚ್ಚಿಟ್ಟೆ. ನಮ್ಮ ಪೇಟೆಯ ಹಿರಿಯರೊಬ್ಬರಿಗೆ ಹಿಂದೆ ಇದೇ ರೀತಿ ಎಲುಬು ಮುರಿದಾಗ, ರಕ್ತ ತೆಳು ಮಾಡುವ ಗುಳಿಗೆ ನಡೆದಿದೆ ಎಂದು ಆಪರೇಷನ್ ಮುಂದೂಡಿದ್ದರು. ಮಲಗಿದಲ್ಲೇ ಎದೆಗೆ ಕಫ ಕಟ್ಟಿ ಅವರು ಏಳಲೇ ಇಲ್ಲ. ನಮ್ಮವ್ವನಿಗೂ ಹಾಗಾದರೆ ಎಂಬ ಹೆದರಿಕೆ ನನಗೆ. ಹೊಸ ಸಾಲ ಕೇಳಲು ಬಂದವನು ಹಳೆಯ ಸಾಲ ಮುಚ್ಚಿಡುತ್ತಾನಲ್ಲ, ಹಾಗೆ ಮಾಡಿದೆ. ಇಂಥ ಗಿರಾಕಿಗಳನ್ನು ನಾನೇ ನಲವತ್ತು ವರ್ಷ ಬೈಯುತ್ತ ಬಂದಿದ್ದೇನೆ.

ರಾತ್ರಿ ಪುಣೆಯಿಂದ ಹುಡುಗಿಯ ಫೋನು ಬಂತು.

"ದೊಡ್ಡಪ್ಪಾ, ಆಯಿ ತಗೊಳ್ಳೋ ಗುಳಿಗಿ ಎಲ್ಲಾ ಡಾಕ್ಟರಿಗೆ ಹೇಳೀರಿಲ್ಲೋ?"

"ಹೇಳೀನವ್ವಾ."

"ಸ್ಟೆಂಟ್ ಹಾಕಿದ ಮ್ಯಾಲೆ ಕೊಟ್ಟಾರಲ್ಲ, ಅವೆರಡು?"

ನಾನು ಸುಮ್ಮನಾದೆ. ಅವಳು ದನಿ ಏರಿಸಲಿಲ್ಲ.

"ದೊಡ್ಡಪ್ಪಾ, ನಾಳೆ ಬೆನ್ನಿಗೆ ಸೂಜಿ ಹಾಕಿ ಅರಿವಳಿಕಿ ಕೊಡೋದು ರೂಢಿ. ಕ್ಲೋಪಿಡೋಗ್ರೆಲ್ ಮೈಯಾಗ ಇದ್ದಾಗ ಆ ಸೂಜಿ ಹಾಕಿದ್ರ ಒಳಗ ರಕ್ತ ಸೋರಿ, ಗಡ್ಡಿ ಕಟ್ಟಿ, ನರದ ಹುರಿ ಅದುಮಬಹುದು. ಎರಡೂ ಕಾಲಿನ ಶಕ್ತಿ ಹೋಗಬಹುದು. ಫೋನ್ ಇಡ್ರಿ, ಈಗ ಎದ್ದು ಹೋಗಿ ಹೇಳ್ರಿ. ಮತ್ತ ಒಂದು ಮಾತು. ಹೆದರಿ ನೀವ ಆ ಗುಳಿಗಿ ನಿಲ್ಲಿಸಬ್ಯಾಡ್ರಿ. ಸ್ಟೆಂಟ್ ಹಾಕಿ ಇನ್ನೂ ವರ್ಷ ಆಗಿಲ್ಲ. ಏಕಾಏಕಿ ನಿಲ್ಲಿಸಿದ್ರ ಅದು ಮುಚ್ಚಿಕೊಳ್ಳಬಹುದು."

ಕೈಕಾಲು ನಡುಗುತ್ತ ರಾತ್ರಿ ಪಾಳಿಯ ಡಾಕ್ಟರ ಮುಂದೆ ಹೋಗಿ ನಿಂತೆ. ಅವರು ಬೈಯಲಿಲ್ಲ. ಅರಿವಳಿಕೆ ತಜ್ಞರಿಗೆ ಫೋನು ಹೋಯಿತು, ಹೃದಯದ ಡಾಕ್ಟರಿಗೂ ಹೋಯಿತು. ಬೆನ್ನಿನ ಸೂಜಿ ಬಿಟ್ಟು ಪೂರ್ಣ ಅರಿವಳಿಕೆ ಕೊಡುವುದು, ತೊಡೆಯ ನರದ ಬಳಿ ಮರಗಟ್ಟಿಸುವ ಮದ್ದು ಹಾಕುವುದು, ರಕ್ತದ ಬಾಟಲಿ ತಯಾರು ಇಟ್ಟುಕೊಳ್ಳುವುದು, ಆಸ್ಪಿರಿನ್ ಒಂದು ದಿನವೂ ತಪ್ಪಿಸದಿರುವುದು ಎಂದು ನಿಶ್ಚಯವಾಯಿತು. ನಾನು ಹೆದರಿದ್ದಂತೆ ಆಪರೇಷನ್ ವಾರಗಟ್ಟಲೆ ಮುಂದೆ ಹೋಗಲಿಲ್ಲ. ಮರುದಿನ ಮಧ್ಯಾಹ್ನವೇ ಆಯಿತು. ಮುರಿದ ಸೊಂಟಕ್ಕೆ ಭರ್ತಿಯಾದ ದಿನ ಅಥವಾ ಮರುದಿನವೇ ಶಸ್ತ್ರಕ್ರಿಯೆ ಆಗಬೇಕೆಂದು ಇಂಗ್ಲೆಂಡಿನಲ್ಲಿ ೨೦೧೧ರಲ್ಲೇ ಮಾರ್ಗಸೂಚಿ ಹೊರಡಿಸಿದ್ದಾರೆ. ಕ್ಲೋಪಿಡೋಗ್ರೆಲ್ ಒಂದರ ಕಾರಣಕ್ಕೆ ತಡಮಾಡುವ ರೂಢಿ ಈಗ ಹೋಗುತ್ತಿದೆ ಎಂದು ಹುಡುಗಿ ಆಮೇಲೆ ತಿಳಿಸಿದಳು. ನಾನು ಸುಳ್ಳು ಹೇಳಿದ್ದು ಹಳೆಯ ಭಯಕ್ಕೆ.

ಅಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನೆನಪಾಯಿತು. ಪರ್ವದ ಮೊದಲ ದಿನ ಉತ್ತಮ ಕ್ಷಮೆ, ಎರಡನೆಯ ದಿನ ಮಾರ್ದವ, ಮೂರನೆಯ ದಿನ ಆರ್ಜವ. ಆರ್ಜವ ಎಂದರೆ ಮನಸ್ಸು, ಮಾತು, ನಡೆ ಮೂರೂ ನೆಟ್ಟಗಿರುವುದು ಎಂದು ಬಸದಿಯಲ್ಲಿ ಎಷ್ಟು ಸಲ ಪ್ರವಚನ ಕೇಳಿದ್ದೆ!

ಇದು ಎಂಥ ಕೆಲಸ?

ಹುಡುಗಿ ರಜೆ ಹಾಕಿ ಸೊಲ್ಲಾಪುರಕ್ಕೆ ಬಂದು ನಾಲ್ಕು ದಿನ ಅವ್ವನ ಹತ್ತಿರ ಇದ್ದಳು. ಆಗ ಬಿಡುವಿನಲ್ಲಿ ಕೇಳಿ ತಿಳಿದದ್ದನ್ನು ಓದುಗರಿಗಾಗಿ ಬರೆಯುತ್ತೇನೆ.

ಅವಳು ಕೆಲಸ ಮಾಡುವುದು ಎಲುಬು ಮತ್ತು ಅಪಘಾತದ ವಿಭಾಗದಲ್ಲಿ. ಕೌಂಟರಿನ ಹಿಂದೆ ನಿಂತು ಔಷಧ ಕೊಡುವ ಫಾರ್ಮಸಿಸ್ಟರು ಅದೇ ಆಸ್ಪತ್ರೆಯಲ್ಲಿ ಬೇರೆ ಇದ್ದಾರೆ. ಇವಳು ವಾರ್ಡಿನೊಳಗೆ ಹಾಸಿಗೆಯಿಂದ ಹಾಸಿಗೆಗೆ ಹೋಗುವವಳು. ಇಂಥವರನ್ನು ಕ್ಲಿನಿಕಲ್ ಫಾರ್ಮಸಿಸ್ಟ್ ಎನ್ನುತ್ತಾರೆ. ನಮ್ಮ ದೇಶಕ್ಕೆ ಇದು ಹೊಸದೇ. ೧೯೯೦ರ ದಶಕದ ಕೊನೆಗೆ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ನಡೆಯತೊಡಗಿತು. ೨೦೦೮ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಫಾರ್ಮ್ ಡಿ ಪದವಿಯ ನಿಯಮ ತಂದಿತು. ಹನ್ನೆರಡನೆಯ ತರಗತಿಯ ನಂತರ ಐದು ವರ್ಷ ಓದು, ಆರನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ತರಬೇತಿ. ಇಂಗ್ಲೆಂಡಿನಲ್ಲಿ ವಾರ್ಡಿನ ಫಾರ್ಮಸಿಸ್ಟರು ಬಹಳ ಕಾಲದಿಂದ ಇದ್ದಾರೆ. ಹೆಚ್ಚಿನ ತರಬೇತಿ ಪಡೆದವರು ೨೦೦೬ರಿಂದ ತಾವೇ ಔಷಧದ ಚೀಟಿ ಬರೆಯಲೂ ಅಲ್ಲಿ ಅನುಮತಿ ಇದೆ. ನಮ್ಮಲ್ಲಿ ಹಾಗಿಲ್ಲ. ಇವಳು ಸಲಹೆ ಕೊಡುತ್ತಾಳೆ, ನಿರ್ಧಾರ ಡಾಕ್ಟರದು.

ಬೆಳಿಗ್ಗೆ ಹೋದ ಕೂಡಲೇ ರಾತ್ರಿ ಭರ್ತಿಯಾದವರ ಪಟ್ಟಿ ಕೈಗೆ ತೆಗೆದುಕೊಳ್ಳುತ್ತಾಳೆ. ಪ್ರತಿಯೊಬ್ಬರ ಹತ್ತಿರ ಹೋಗಿ ಮನೆಯಲ್ಲಿ ಏನೇನು ಔಷಧ ನಡೆದಿತ್ತು ಎಂದು ಕೇಳುತ್ತಾಳೆ. ಕೇಳುವುದರಲ್ಲಿಯೇ ಜಾಣತನವಿದೆ. "ಗುಳಿಗೆ ತಗೋತೀರೇನು?" ಎಂದರೆ ಅರ್ಧ ಮಂದಿ ಇಲ್ಲ ಎನ್ನುತ್ತಾರಂತೆ. ಕಣ್ಣಿಗೆ ಹಾಕುವ ಹನಿ, ಸಕ್ಕರೆ ಕಾಯಿಲೆಯ ಸೂಜಿ, ವೈದ್ಯರು ಕೊಟ್ಟ ಪುಡಿ, ಮೊಣಕಾಲಿಗೆ ಅಂಗಡಿಯಿಂದ ತಂದ ಗುಳಿಗೆ, ಇವನ್ನೆಲ್ಲ ನಮ್ಮ ಜನ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಅವಳು ಒಂದೊಂದೇ ಹೆಸರು ಹಿಡಿದು ಕೇಳುತ್ತಾಳೆ, ಚೀಲ ತರಿಸಿ ನೋಡುತ್ತಾಳೆ, ಗುಳಿಗೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುತ್ತಾಳೆ. ಮನೆಯ ಖಾತೆಗೂ ಆಸ್ಪತ್ರೆಯ ಚೀಟಿಗೂ ತಾಳೆ ಹಾಕಿ, ಬಿಟ್ಟದ್ದು ಯಾವುದು, ಎರಡು ಸಲ ಬರೆದದ್ದು ಯಾವುದು, ಒಂದಕ್ಕೊಂದು ಸೇರದ್ದು ಯಾವುದು ಎಂದು ಗುರುತು ಮಾಡುತ್ತಾಳೆ. ಕಿಡ್ನಿಯ ವರದಿ, ರೋಗಿಯ ತೂಕ ನೋಡಿ ಪ್ರಮಾಣ ಸರಿಯಿದೆಯೋ ಪರೀಕ್ಷಿಸುತ್ತಾಳೆ. ನಂತರ ಡಾಕ್ಟರು, ನರ್ಸು, ವ್ಯಾಯಾಮ ಮಾಡಿಸುವವರು ಎಲ್ಲರ ಜೊತೆ ವಾರ್ಡು ಸುತ್ತುತ್ತಾಳೆ. ಮಧ್ಯಾಹ್ನ ಮೇಲೆ ಮನೆಗೆ ಹೊರಟವರಿಗೆ ಯಾವ ಔಷಧ, ಯಾವಾಗ, ಎಷ್ಟು ದಿನ ಎಂದು ತಿಳಿಸಿ ಹೇಳುತ್ತಾಳೆ.

ಅಪಘಾತದಲ್ಲಿ ಬಂದವರ ವಿಷಯ ಬೇರೆ. ಅಲ್ಲಿ ಗಡಿಯಾರದ ಕೆಲಸ. ಎಲುಬು ಚರ್ಮ ಹರಿದು ಹೊರಗೆ ಬಂದಿದ್ದರೆ ಮೊದಲ ತಾಸಿನೊಳಗೆ ಆಂಟಿಬಯೋಟಿಕ್ ಹೋಗಬೇಕು, ಧನುರ್ವಾಯುವಿನ ಸೂಜಿ ಆಗಬೇಕು. ಬಹಳ ರಕ್ತ ಹೋಗುತ್ತಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧ ಮೂರು ತಾಸಿನೊಳಗೆ ಕೊಡಬೇಕು. ಅದಕ್ಕಿಂತ ತಡವಾದರೆ ಉಪಯೋಗಕ್ಕಿಂತ ಅಪಾಯವೇ ಹೆಚ್ಚಾಗಬಹುದು. ಈ ಔಷಧವನ್ನು ೧೯೬೨ರಲ್ಲಿ ಕಂಡುಹಿಡಿದವರು ಜಪಾನಿನ ಒಕಾಮೊಟೊ ದಂಪತಿಗಳು. ೨೦೧೦ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ೪೦ ದೇಶಗಳ ೨೦ ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ಇದರ ಗುಣ ಸಿದ್ಧವಾಯಿತು. ನಮ್ಮ ದೇಶದ ಆಸ್ಪತ್ರೆಗಳೂ ಆ ಪರೀಕ್ಷೆಯಲ್ಲಿದ್ದವು. ಆದ್ದರಿಂದ ರಸ್ತೆಯಲ್ಲಿ ಬಿದ್ದವರನ್ನು ಒಯ್ಯುವಾಗ ಎಷ್ಟು ಗಂಟೆಗೆ ಬಿದ್ದರು ಎಂಬುದನ್ನು ನೆನಪಿಟ್ಟು ಹೇಳಿರಿ. ಅದೂ ಔಷಧದ ಲೆಕ್ಕದಲ್ಲಿ ಬರುತ್ತದೆ.

ಅಹಿಂಸೆಯ ಪ್ರಶ್ನೆ

ಸೊಂಟದ ಆಪರೇಷನ್ ಆದವರಿಗೆ ಮಲಗಿದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಇರುತ್ತದೆ. ಆ ಹೆಪ್ಪು ಸರಿದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಸಂಚಕಾರ. ಅದನ್ನು ತಡೆಯಲು ಕೆಲವು ವಾರ ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿ ಹಾಕುವುದು ರೂಢಿ. ಆ ಸೂಜಿಯಲ್ಲಿ ಇರುವುದು ಹೆಚ್ಚಾಗಿ ಹೆಪಾರಿನ್ ಅಥವಾ ಅದರಿಂದ ಮಾಡಿದ ಎನೋಕ್ಸಪಾರಿನ್. ಇವನ್ನು ತೆಗೆಯುವುದು ಹಂದಿಯ ಕರುಳಿನ ಒಳಪದರದಿಂದ.

ಈ ಮಾತು ಕೇಳಿ ನನಗೆ ಊಟ ಇಳಿಯಲಿಲ್ಲ. ಅವಳು ಶಾಂತವಾಗಿಯೇ ತಿಳಿಸಿದಳು. ಫೊಂಡಾಪರಿನಕ್ಸ್ ಎಂಬ ಇನ್ನೊಂದು ಸೂಜಿ ಇದೆ. ಅದು ಸಂಪೂರ್ಣ ಕಾರ್ಖಾನೆಯಲ್ಲೇ ತಯಾರಾದದ್ದು, ಪ್ರಾಣಿಯ ಸಂಬಂಧವಿಲ್ಲ. ಆದರೆ ಕಿಡ್ನಿ ಬಹಳ ದುರ್ಬಲವಿದ್ದವರಿಗೆ, ೫೦ ಕಿಲೋಕ್ಕಿಂತ ಕಡಿಮೆ ತೂಕದವರಿಗೆ ಅದು ಒಗ್ಗದು. ಕೆಲವರಿಗೆ ಬಾಯಿಯಿಂದ ನುಂಗುವ ಗುಳಿಗೆಗಳೂ ನಡೆಯುತ್ತವೆ. ಎಲುಬು ಮುರಿದ ೧೨ ಸಾವಿರ ರೋಗಿಗಳಲ್ಲಿ ನಡೆದ ಅಮೆರಿಕ, ಕೆನಡಾಗಳ ಒಂದು ಅಧ್ಯಯನ ೨೦೨೩ರಲ್ಲಿ ಪ್ರಕಟವಾಗಿದೆ. ಸಾವು ತಡೆಯುವುದರಲ್ಲಿ ಸಾದಾ ಆಸ್ಪಿರಿನ್ ಈ ಸೂಜಿಗಿಂತ ಹಿಂದೆ ಬೀಳುವುದಿಲ್ಲ ಎಂದು ಅದರಲ್ಲಿ ಕಂಡುಬಂತು. ಯಾರಿಗೆ ಯಾವುದು ಎಂಬುದನ್ನು ಡಾಕ್ಟರೇ ತೂಗಿ ನೋಡಬೇಕು.

ಅವ್ವನ ತೂಕ ೫೬ ಕಿಲೋ ಇತ್ತು. ಭರ್ತಿಯಾದ ದಿನ ಕಿಡ್ನಿ ವರದಿ ಸರಿಯಿರಲಿಲ್ಲ, ಸಲೈನ್ ಹೋದ ಮೇಲೆ ಸುಧಾರಿಸಿತು. ಡಾಕ್ಟರ ಮುಂದೆ ವಿಷಯ ಇಟ್ಟಾಗ ಅವರು ವರದಿ ನೋಡಿ ಫೊಂಡಾಪರಿನಕ್ಸಿಗೆ ಒಪ್ಪಿದರು. "ಮೊದಲ ಕೇಳಿದ್ರಿ, ಚೊಲೊ ಆತು" ಎಂದರು. ಬದಲಿ ಇರದ ಪ್ರಸಂಗವೂ ಬರಬಹುದು. ಅಂಥಲ್ಲಿ ಪ್ರಾಣ ಉಳಿಸಿಕೊಳ್ಳುವುದೋ ನಿಯಮವೋ ಎಂಬ ಮಾತು ಆಪರೇಷನ್ ಕೋಣೆಯ ಬಾಗಿಲಲ್ಲಿ ಆಡುವಂಥದಲ್ಲ. ಆರೋಗ್ಯ ನೆಟ್ಟಗಿದ್ದಾಗಲೇ ಮನೆಯ ಹಿರಿಯರು ತ್ಯಾಗಿಗಳ ಹತ್ತಿರ ಕೇಳಿ, ತಮ್ಮ ಇಚ್ಛೆಯನ್ನು ಮಕ್ಕಳಿಗೆ ಹೇಳಿಟ್ಟಿರಬೇಕು.

ಕ್ಯಾಪ್ಸೂಲಿನ ಸಿಪ್ಪೆ ಬಹುತೇಕ ಜೆಲಾಟಿನ್. ಅದು ಪ್ರಾಣಿಗಳ ಎಲುಬು, ಚರ್ಮದಿಂದ ಬರುತ್ತದೆ. ಅದೇ ಔಷಧ ಗುಳಿಗೆಯಾಗಿ ಅಥವಾ ಸಸ್ಯಮೂಲದ ಸಿಪ್ಪೆಯಲ್ಲಿ ಸಿಗುವುದುಂಟು. ಡಿ ೩ ಜೀವಸತ್ವವನ್ನು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡುತ್ತಾರೆ. ಕಲ್ಲುಹೂವಿನಿಂದ ಮಾಡಿದ್ದೂ ಉಂಟು. ಕೇಳಿದರೆ ಫಾರ್ಮಸಿಸ್ಟರು ಹುಡುಕಿ ಕೊಡುತ್ತಾರೆ. ಸಂಕೋಚದಿಂದ ಬಾಯಿ ಮುಚ್ಚಿಕೊಂಡು, ಮನೆಗೆ ತಂದ ಕ್ಯಾಪ್ಸೂಲನ್ನು ಗಟಾರಕ್ಕೆ ಚೆಲ್ಲುವವರು ನಮ್ಮಲ್ಲಿ ಕಡಿಮೆ ಇಲ್ಲ.

ಮೊಣಕಾಲಿನ ಗುಳಿಗೆ

ಅವ್ವನ ಕಿಡ್ನಿ ಯಾಕೆ ಕೆಟ್ಟಿತ್ತು? ಇದಕ್ಕೂ ನಾನೇ ಕಾರಣ. ಮೊಣಕಾಲು ನೋವಿಗೆ ಎಂದು ಡೈಕ್ಲೋಫಿನಾಕ್ ಗುಳಿಗೆಯ ಪಟ್ಟಿಗಳನ್ನು ಚೀಟಿ ಇಲ್ಲದೆ ತಂದುಕೊಡುತ್ತಿದ್ದವನು ನಾನು. ಅವಳ ಬಿಪಿ ಗುಳಿಗೆಯ ಜೊತೆಗೆ ಮೂತ್ರ ಹೆಚ್ಚಿಸುವ ಮದ್ದೂ ಕೂಡಿತ್ತು. ಈ ಮೂರೂ ಒಂದಾದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಅದರ ಮೇಲೆ ಪರ್ವದ ಏಕಭುಕ್ತ, ನೀರೂ ಕಡಿಮೆ. ಮೈಯಲ್ಲಿ ನೀರಿಲ್ಲದಾಗಲೂ ನೀರು ತೆಗೆಯುವ ಗುಳಿಗೆ ತಪ್ಪದೆ ಹೋಗುತ್ತಿತ್ತು. ನಸುಕಿನಲ್ಲಿ ಎದ್ದಾಗ ರಕ್ತದೊತ್ತಡ ಒಮ್ಮೆಲೆ ಇಳಿದು ಕಣ್ಣಿಗೆ ಕತ್ತಲೆ ಬಂದದ್ದು ಹೀಗಿರಬೇಕು ಎಂದರು.

ಇದೇ ಡೈಕ್ಲೋಫಿನಾಕ್ ದನಕರುಗಳಿಗೆ ಕೊಟ್ಟು, ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಲಕ್ಷಗಟ್ಟಲೆ ಸತ್ತವು. ೨೦೦೬ರಲ್ಲಿ ನಮ್ಮ ಸರಕಾರ ಪಶುಗಳಿಗೆ ಅದನ್ನು ನಿಷೇಧಿಸಿತು. ಒಂದು ನೋವಿನ ಗುಳಿಗೆಯ ಹಿಂದೆ ಇಷ್ಟೆಲ್ಲ ಇದೆ ಎಂದು ಅಂಗಡಿಯಲ್ಲಿ ರೂಪಾಯಿ ಎಣಿಸಿ ಕೊಡುವಾಗ ನನಗೆ ಹೊಳೆದಿರಲಿಲ್ಲ.

ಆಪರೇಷನ್ ಆದ ಎರಡನೆಯ ರಾತ್ರಿ ಅವ್ವ ತೀರಿಹೋದ ನಮ್ಮ ತಂದೆಯವರ ಜೊತೆ ಮಾತಾಡತೊಡಗಿದಳು. ನಾವೆಲ್ಲ ಕಣ್ಣೀರು ಹಾಕಿದೆವು. ಹುಡುಗಿ ನೋವಿಗೆ ಕೊಟ್ಟ ಔಷಧದ ಹಾಳೆ ನೋಡಿ ಡಾಕ್ಟರನ್ನು ಕರೆದಳು. ಟ್ರಾಮಡಾಲ್ ಎಂಬ ಬಲವಾದ ನೋವಿನ ಔಷಧ ವಯಸ್ಸಾದವರಿಗೆ ಹೀಗೆ ಭ್ರಮೆ ತರಬಹುದು. ರಕ್ತದಲ್ಲಿ ಉಪ್ಪಿನ ಅಂಶ ಇಳಿದಿದ್ದರೆ ಇನ್ನಷ್ಟು. ಅದನ್ನು ನಿಲ್ಲಿಸಿ, ಉಪ್ಪಿನ ಅಂಶ ಸರಿಪಡಿಸಿ, ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ವೇಳೆಗೆ ಸರಿಯಾಗಿ ಕೊಡಲು ಹಚ್ಚಿದರು. ಎರಡು ದಿನದಲ್ಲಿ ಅವ್ವ ಎಂದಿನಂತೆ ನಮ್ಮನ್ನು ಬೈಯುವಂತಾದಳು.

ವ್ರತ ಮತ್ತು ವೇಳೆ

ಎಲ್ಲಕ್ಕಿಂತ ನನಗೆ ಆಶ್ಚರ್ಯವಾದದ್ದು ಮನೆಯ ಗುಳಿಗೆ ಡಬ್ಬಿಯಲ್ಲಿ ಸಿಕ್ಕದ್ದು. ಕೊಲೆಸ್ಟರಾಲಿನ ಗುಳಿಗೆಯ ಪಟ್ಟಿಗಳು ಒಡೆಯದೆ ಹಾಗೇ ಇದ್ದವು. ಚೀಟಿಯಲ್ಲಿ ರಾತ್ರಿ ಎಂದು ಬರೆದಿತ್ತು. ರಾತ್ರಿ ಅವ್ವ ನೀರು ಮುಟ್ಟುವುದಿಲ್ಲ. ಡಾಕ್ಟರಿಗೆ ಹೇಳಲು ಅವಳಿಗೆ ಸಂಕೋಚ, ಕೇಳಲು ನಮಗೆ ಪುರಸೊತ್ತಿಲ್ಲ. ಹತ್ತು ತಿಂಗಳು ಹೀಗೇ ಕಳೆದಿತ್ತು. ಹುಡುಗಿ ಪಟ್ಟಿ ತಿರುಗಿಸಿ ಹೆಸರು ಓದಿದಳು. "ಆಯೀ, ಇದನ್ನ ಮುಂಜಾನೆ ತಗೊಂಡ್ರೂ ಅಷ್ಟ ಗುಣ. ರಾತ್ರಿನ ಆಗಬೇಕಂತಿಲ್ಲ." ಒಂದೇ ಮಾತಿನಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ಹೊತ್ತು ಮುಳುಗಿದ ಮೇಲೆ ಏನೂ ಸೇವಿಸದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಹಲವು ಔಷಧಗಳಲ್ಲಿ ದಿನಕ್ಕೊಮ್ಮೆ ತೆಗೆದುಕೊಳ್ಳುವ ಬಗೆ ಇರುತ್ತದೆ. ಎರಡು ಸಲದ್ದನ್ನು ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ ಮತ್ತು ಸಂಜೆ ಹೊತ್ತು ಮುಳುಗುವ ಮೊದಲು ಕೂಡಿಸಬಹುದು. ಎಲ್ಲ ಔಷಧಕ್ಕೂ ಇದು ಸಾಧ್ಯವಿಲ್ಲ. ಯಾವುದಕ್ಕೆ ಸಾಧ್ಯ ಎಂದು ತಿಳಿದವರೇ ಹೇಳಬೇಕು. ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ನಡೆದಿರುವವರು ಉಪವಾಸದ ದಿನವೂ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಪರ್ವಕ್ಕೆ ಹದಿನೈದು ದಿನ ಮುಂಚೆ ಡಾಕ್ಟರ ಹತ್ತಿರ ಹೋಗಿ, ಉಪವಾಸ ಎಂಥದು, ನೀರು ಉಂಟೋ ಇಲ್ಲವೋ ಎಂದು ಬಿಚ್ಚಿ ಹೇಳಿ ಲೆಕ್ಕ ಬದಲಿಸಿಕೊಂಡು ಬನ್ನಿರಿ. ಈ ಲೇಖನ ಓದಿ ಯಾರೂ ತಾವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿರಿ.

ಒಮ್ಮೆ ಬಿದ್ದು ಎಲುಬು ಮುರಿದವರಿಗೆ ಎರಡನೆಯ ಸಲ ಮುರಿಯುವ ಭಯ ಹೆಚ್ಚು. ಎಲುಬು ಗಟ್ಟಿ ಮಾಡುವ ಔಷಧದ ಕಡೆ ಮನೆಯವರು ಗಮನ ಕೊಡುವುದಿಲ್ಲ. ಗಾಯ ಮಾಯಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಗುಳಿಗೆಗೆ ಕಟ್ಟುನಿಟ್ಟಿನ ಕ್ರಮವಿದೆ. ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನಿಂದ ನುಂಗಬೇಕು, ಅರ್ಧ ತಾಸು ಮಲಗದೆ ನೆಟ್ಟಗೆ ಕೂಡಬೇಕು, ಆ ತನಕ ಚಹಾ ಹಾಲು ಏನೂ ಕೂಡದು. ಇಲ್ಲವಾದರೆ ಗುಳಿಗೆ ಅನ್ನನಾಳ ಸುಡುತ್ತದೆ. ಕಾಯಿಸಿ ಆರಿಸಿದ ನೀರು ನಡೆಯುತ್ತದೆ. ನೀರಿಲ್ಲದ ಉಪವಾಸದ ದಿನ ಇದು ಬೇಡ, ಇನ್ನೊಂದು ವಾರ ಹಿಡಿಯಬೇಕು. ವರ್ಷಕ್ಕೊಮ್ಮೆ ಸಲೈನಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಎಂಬುದೂ ಇದೆ. ಅದಕ್ಕೆ ಕಿಡ್ನಿ ಸರಿಯಿರಬೇಕು, ಡಿ ಜೀವಸತ್ವ ಸಾಕಷ್ಟಿರಬೇಕು. ನಮ್ಮ ಅವ್ವನಿಗೆ ಕಿಡ್ನಿ ಪೂರ್ತಿ ಸುಧಾರಿಸಿದ ಮೇಲೆ ಇದನ್ನೇ ಕೊಟ್ಟರು. ನುಂಗುವ ರಗಳೆ ತಪ್ಪಿತು.

ಔಷಧದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಔಷಧವನ್ನು ಬರೀ ಕೊಂಡುಕೊಡುವ ವಸ್ತುವಾಗಿ ಅವರು ನೋಡಲಿಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸ ಮದ್ಯಗಳನ್ನು ಬಿಟ್ಟು ಚಿಕಿತ್ಸೆ ಹೇಳುವ ಕಲ್ಯಾಣಕಾರಕವೆಂಬ ಸಂಸ್ಕೃತ ಗ್ರಂಥ ಬರೆದರು. ೧೯೪೦ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಅದು ಅಚ್ಚಾದದ್ದು ನಮ್ಮ ಸೊಲ್ಲಾಪುರದಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಹೆಸರಿನ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದ. ರೋಗಿ ಯಾವ ನಿಯಮ ಪಾಲಿಸುತ್ತಾನೆ, ಔಷಧ ಯಾವುದರಿಂದ ಆಗಿದೆ ಎಂಬ ಪ್ರಶ್ನೆ ನಮ್ಮಲ್ಲಿ ಹೊಸದಲ್ಲ. ಅದನ್ನೇ ಇಂದು ನಮ್ಮ ಹುಡುಗಿ ಎಲುಬಿನ ವಾರ್ಡಿನಲ್ಲಿ ಇಂಗ್ಲಿಷ್ ಔಷಧದ ವಿಷಯದಲ್ಲಿ ಕೇಳುತ್ತಿದ್ದಾಳೆ.

ಎಲ್ಲ ಊರಿನ ಆಸ್ಪತ್ರೆಯಲ್ಲಿ ಇಂಥ ಫಾರ್ಮಸಿಸ್ಟರು ಸಿಗುವುದಿಲ್ಲ. ಸಿಗದ ಕಡೆ ಅರ್ಧ ಕೆಲಸವನ್ನು ಮನೆಯವರೇ ಮಾಡಿಟ್ಟುಕೊಳ್ಳಬಹುದು. ನಾವು ಈಗ ಮಾಡುವುದು ಹೀಗೆ. ಒಂದು ಸಣ್ಣ ವಹಿ ಇಟ್ಟಿದ್ದೇವೆ. ಮನೆಯ ಪ್ರತಿಯೊಬ್ಬರಿಗೂ ಒಂದು ಪುಟ. ಗುಳಿಗೆಯ ಹೆಸರು, ಪ್ರಮಾಣ, ವೇಳೆ, ಯಾವ ರೋಗಕ್ಕೆ, ಎಂದಿನಿಂದ; ಯಾವ ಔಷಧ ಮೈಗೆ ಒಗ್ಗುವುದಿಲ್ಲ; ಹಿಂದೆ ಆದ ಆಪರೇಷನ್ ಯಾವುದು; ತೂಕ; ಅಂಗಡಿಯಿಂದ ತಂದದ್ದು, ವೈದ್ಯರು ಕೊಟ್ಟದ್ದು ಎಲ್ಲ. ಕೆಳಗೆ ಒಂದು ಸಾಲು ವ್ರತ ನಿಯಮದ್ದು. ಔಷಧ ಬದಲಾದ ದಿನವೇ ಹಳೆಯದನ್ನು ಹೊಡೆದು ಹೊಸದನ್ನು ಬರೆಯುತ್ತೇವೆ. ಆಸ್ಪತ್ರೆಗೆ ಹೋಗುವಾಗ ಆ ವಹಿ ಮತ್ತು ಗುಳಿಗೆಯ ಚೀಲ ಎರಡೂ ಜೊತೆಗೆ. ವ್ಯಾಪಾರಸ್ಥರ ಮನೆಯಲ್ಲಿ ವಹಿ ಬರೆಯುವುದು ಯಾರಿಗೂ ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು ಹೆಣ್ಣು ಗಂಡು ಹೆತ್ತವರಿಗೆ. ಮಕ್ಕಳಲ್ಲಿ ಯಾರಾದರೂ ಈ ವಿದ್ಯೆ ಕಲಿಯುತ್ತೇನೆ ಎಂದರೆ ನನ್ನಂತೆ ಅಡ್ಡ ಬರಬೇಡಿರಿ. ಸಂಬಳ ದೊಡ್ಡದಿಲ್ಲ, ಹೆಸರೂ ಹೊರಗೆ ಕಾಣುವುದಿಲ್ಲ. ಆಪರೇಷನ್ ನೆಟ್ಟಗಾದರೆ ಜನ ಡಾಕ್ಟರ ಕೈಗುಣ ಎನ್ನುತ್ತಾರೆ, ಅದು ನ್ಯಾಯವೇ. ಆದರೆ ಅಂದು ರಾತ್ರಿ ಆ ಫೋನು ಬರದಿದ್ದರೆ ನನ್ನ ಸುಳ್ಳಿಗೆ ಅವ್ವ ತನ್ನ ಕಾಲುಗಳಿಂದ ಬೆಲೆ ಕೊಡಬೇಕಾಗುತ್ತಿತ್ತೋ ಏನೋ.

೨೦೨೩ರ ಮಹಾವೀರ ಜಯಂತಿಯಂದು ಅವ್ವ ವಾಕರ್ ಹಿಡಿದು ಬಸದಿಯ ಮೆಟ್ಟಿಲ ತನಕ ತಾನೇ ನಡೆದಳು. ಮೇಲೆ ಹತ್ತುವಾಗ ಒಂದು ಕಡೆ ನಾನು, ಇನ್ನೊಂದು ಕಡೆ ಹುಡುಗಿ. ಒಳಗೆ ಹೋಗುವ ಮುಂಚೆ ಅವ್ವ ನಿಂತು ಕೇಳಿದಳು, "ಇವತ್ತ ಉಪವಾಸ ಐತಿ. ಬಿಪಿ ಗುಳಿಗಿ ತಗೋಬೇಕೋ ಬ್ಯಾಡೋ?" ಆರು ತಿಂಗಳ ಹಿಂದೆ ಯಾರನ್ನೂ ಕೇಳದವಳು ಈಗ ತಾನಾಗಿ ಕೇಳಿದಳು. ಡಾಕ್ಟರು ಉಪವಾಸದ ದಿನಕ್ಕೆಂದು ಬರೆದುಕೊಟ್ಟದ್ದು ವಹಿಯಲ್ಲಿತ್ತು. ನಾನು ಜೇಬಿನಿಂದ ವಹಿ ತೆಗೆದು ಅವಳ ಪುಟ ಓದಿ ಹೇಳಿದೆ.